ಎರಡು ಎಲೆ ಕಡಿಮೆ

"ಎರಡು ಎಲಿ ಕಡಿಮಿ ಅದಾವ್ರಿ."

ಹಾನಗಲ್ಲಿನ ಸಂತೆಯಲ್ಲಿ ಅಡಿವೆವ್ವ ನನಗೆ ಆಡಿದ ಮೊದಲ ಮಾತು ಇದು. ಐವತ್ತೇಳನೆಯ ಇಸವಿ. ಸವಣೂರಿನ ನಮ್ಮ ತೋಟದ ವೀಳ್ಯದೆಲೆಯನ್ನು ನೂರರ ಕಟ್ಟು ಕಟ್ಟಿ ಬುಟ್ಟಿಯಲ್ಲಿಟ್ಟುಕೊಂಡು ಕುಳಿತಿದ್ದೆ. ಅವಳು ಒಂದು ಕಟ್ಟು ಕೊಂಡು, ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಎಣಿಸಿ, ತಲೆ ಎತ್ತಿದ್ದಳು.

ನನಗೆ ಬೆವರು ಬಂತು. ನಾನು ಅನುಮಾನದ ಮನುಷ್ಯ. ಬಾಗಿಲಿಗೆ ಕೊಂಡಿ ಹಾಕಿ ಹತ್ತು ಹೆಜ್ಜೆ ಹೋಗಿ ಮತ್ತೆ ಬಂದು ನೋಡುವವನು. ರಾತ್ರಿ ಶಾಲೆಯಲ್ಲಿ ಎರಡು ವರ್ಷ ಕಲಿತಿದ್ದರಲ್ಲಿ ಗಟ್ಟಿಯಾಗಿ ಉಳಿದದ್ದು ಒಂದೇ: ಬಂದ ಉತ್ತರವನ್ನು ಇನ್ನೊಮ್ಮೆ ತಾಳೆ ನೋಡಬೇಕು.

ಎಣಿಸಿದೆ. ತೊಂಬತ್ತೆಂಟು. ಮತ್ತೆ ಎಣಿಸಿದೆ. ಮೂರನೆಯ ಸಲ ಎಣಿಸುವಾಗ ಅವಳ ತುಟಿಯ ಒಂದು ತುದಿ ನಡುಗುತ್ತಿತ್ತು. ಕಣ್ಣು ನನ್ನ ಬೆರಳುಗಳ ಮೇಲಿತ್ತು, ಆದರೆ ಕಣ್ಣಿನ ಒಳಗೆ ಯಾರೋ ಕುಣಿಯುತ್ತಿದ್ದರು.

"ತಪ್ಪಾಗೇತಿ ತಂಗಿ. ತಗೋ, ಇನ್ನೆರಡು."

ಆಗ ಅವಳು ಎಡಗೈ ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಎರಡು ಎಲೆ.

"ಮೂರು ಸಲ ಎಣಿಸಿದ್ರಿ. ನನ್ನ ಕೈ ಒಂದ ಸಲನೂ ನೋಡಲಿಲ್ಲ," ಎಂದು ನಕ್ಕು ಎದ್ದುಹೋದಳು.

ಅವಳ ನಗು ನನ್ನ ಬುಟ್ಟಿಯಲ್ಲೇ ಉಳಿಯಿತು. ಮುಂದಿನ ವಾರ ಅವಳು ಬಂದಾಗ ನಾನು ಎಲೆಗಿಂತ ಮೊದಲು ಕೈ ನೋಡಿದೆ. ಅದರ ಮುಂದಿನ ವಾರ ಮುಖ. ದೀಪಾವಳಿ ಕಳೆದ ಮೇಲೆ ನಮ್ಮ ಮದುವೆಯಾಯಿತು.

*

ಎಲೆ ತೋಟಕ್ಕೆ ನೇಮ ಬಹಳ. ಚಪ್ಪಲಿ ಹೊರಗೆ ಬಿಡಬೇಕು. ಮುಟ್ಟಾದ ಹೆಂಗಸು ಮೂರು ದಿನ ಒಳಗೆ ಕಾಲಿಡಬಾರದು. ನೆರಳು ಬಿದ್ದರೂ ಬಳ್ಳಿ ಕರಗುತ್ತದೆ ಎನ್ನುವವರು ನಮ್ಮ ಅವ್ವ, ಫಕ್ಕೀರವ್ವ. ಯಾವ ಸೊಸೆ ಯಾವ ದಿನ ಹೊರಗೆ ಕುಳಿತಳು ಎನ್ನುವುದು ಅವ್ವನಿಗೆ ಪಂಚಾಂಗಕ್ಕಿಂತ ಚೆನ್ನಾಗಿ ಗೊತ್ತಿರುತ್ತಿತ್ತು.

ಉಳಿದ ದಿನಗಳಲ್ಲಿ ನಾವಿಬ್ಬರೂ ಬರಿಗಾಲಲ್ಲಿ ಬಳ್ಳಿಗಳ ಸಾಲಿನ ನಡುವೆ. ತಂಪು ಮಣ್ಣು, ಹಸಿರು ಬೆಳಕು. ಅವಳು ಒಂದು ಪುಟ್ಟ ಎಲೆ ಹಿಡಿದು, "ಇದು ಕೂಸು. ಇದನ್ನ ಬಿಡೂಣು," ಎಂದಳು.

"ಸಣ್ಣವೆಲ್ಲ ಎಳೇವಲ್ಲ." ಅವಳ ಬೆರಳನ್ನು ಹಿಡಿದು ಎಲೆಯ ಬೆನ್ನ ಮೇಲೆ ಸವರಿಸಿದೆ. "ನರ ನೋಡು, ಹೆಂಗ ಉಬ್ಬ್ಯಾವು. ಇದು ಬಲಿತೈತಿ. ಈ ಬಳ್ಳಿ ಬೇರಿಗೆ ಬ್ಯಾನಿ ಬಂದೈತಿ, ಉಣ್ಣಾಕ ಸಿಗಲಿಲ್ಲ, ಸಣ್ಣದಾಗೇ ಉಳೀತು. ಗಾತ್ರ ಸುಳ್ಳು ಹೇಳ್ತೈತಿ. ನರ ಹೇಳೂದಿಲ್ಲ."

"ಅಷ್ಟು ತಿಳೀತದಾ ನಿಮಗ?"

"ಕಣ್ಣು ಮುಚ್ಚಿ ಹೇಳ್ತೇನಿ."

"ಮುಚ್ರಿ ಹಂಗಾದ್ರ." ಮುಚ್ಚಿದೆ. ಕೈಗೆ ಎಲೆ ಬರಲಿಲ್ಲ. ಅವಳ ಕೆನ್ನೆ ಬಂತು. "ಎಳೇದೋ ಬಲಿತದ್ದೋ?" ಎಂದು ಕೇಳಿದಳು. ಕಣ್ಣು ಮುಚ್ಚಿಕೊಂಡೇ ಕೈಯನ್ನು ಅಲ್ಲೇ ಇಟ್ಟೆ.

*

ಬಸವ ಜಯಂತಿಯಾಗಿ ವಾರಕ್ಕೆ ನಾನು ಮುಂಬಯಿಗೆ ಹೊರಟೆ. ಯಲವಿಗಿ ಸ್ಟೇಷನ್ನಿನಿಂದ ನಮ್ಮ ಎಲೆ ಅಲ್ಲಿಗೆ ಹೋಗುತ್ತಿತ್ತು. ಆ ವರ್ಷ ಅಲ್ಲಿ ಮಾರುವವರು ಯಾರೂ ಇಲ್ಲದ್ದರಿಂದ ಮಹಾನವಮಿಯ ತನಕ ನಾನೇ ಅಲ್ಲಿರಬೇಕಾಯಿತು.

ಚಕ್ಕಡಿಯಲ್ಲಿ ಸ್ಟೇಷನ್ನಿನ ತನಕ ಬಂದಳು. ವ್ಯಾಗನ್ನಿಗೆ ಬುಟ್ಟಿ ಏರಿಸಿದ ಮೇಲೆ, ಸೆರಗಿನ ಗಂಟಿನಿಂದ ಎರಡು ಎಲೆ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಹೋಳಿ ಹುಣ್ಣಿಮೆಯಿಂದ ಅವಳ ಮುಖದಲ್ಲಿ ಒಂದು ಬೇರೆಯೇ ಕಳೆ ಇತ್ತು. ನನಗೆ ಕಂಡಿತ್ತು, ಅರ್ಥವಾಗಿರಲಿಲ್ಲ.

"ಎರಡ ಯಾಕ?"

"ಎಣಿಸಿಕೊಳ್ರಿ. ಎಣಿಸೋ ಮನಶ್ಯಾ ಅಲ್ಲೇನು ನೀವು?" ಕಣ್ಣೆತ್ತಿ ಒಮ್ಮೆ ನೋಡಿ, ಕೆಳಗೆ ನೋಡಿ, ಕಾಲಿನ ಹೆಬ್ಬೆರಳಿನಿಂದ ನೆಲ ಗೀರಿದಳು.

ಗಾಡಿ ಹೊರಟಿತು. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಆ ಎರಡು ಎಲೆಗೆ ಸುಣ್ಣ ಹಚ್ಚಿ ಜಗಿದು ಕಿಟಕಿಯಿಂದ ಉಗುಳಿದ್ದೆ.

*

ಮಹಾನವಮಿಗೆ ಮನೆಗೆ ಬಂದಾಗ ಅವಳು ಬಾಗಿಲಲ್ಲಿ ನಿಂತಿದ್ದಳು. ಸೀರೆಯ ನೆರಿಗೆಯ ಮೇಲೆ ಪುಟ್ಟದೊಂದು ಉಬ್ಬು. ಗಂಟು ಕೆಳಗಿಟ್ಟು ಹತ್ತಿರ ಹೋದೆ.

"ಎಷ್ಟು?" ಎಂದೆ, ಪಿಸುಮಾತಿನಲ್ಲಿ.

"ಆರು ತುಂಬಿ ಏಳು," ಎಂದಳು, ಅದಕ್ಕಿಂತ ಪಿಸುಮಾತಿನಲ್ಲಿ.

ಅವ್ವ ಹಿತ್ತಲಿಂದ ಕರೆದರು. ಬಾವಿಯ ಕಟ್ಟೆಯ ಮೇಲೆ ಕೂರಿಸಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಕೆಡಿಸಿತು.

"ಕೇಳು ಹೊಳಬಸು, ಏಳು ತಿಂಗಳ ಹೊಟ್ಟಿ ಅಷ್ಟ ಇರತೈತೇನಪಾ? ನಾ ಐದು ಹಡದೇನಿ. ಆ ಹೊಟ್ಟಿಗೆ ನಾಲ್ಕು ತುಂಬಿ ಐದು. ಒಂದು ತಿಂಗಳು ತಪ್ಪಿತ್ತು ಖರೆ, ಆದ್ರ ನೀ ಹೋಗಿ ಹತ್ತು ದಿನಕ್ಕ ಆಕಿ ಹೊರಗ ಕುಂತಾಳ. ಮೂರು ದಿನ ನಾನ ದೂರದಿಂದ ಅನ್ನ ನೀಡೇನಿ. ಬಸುರಿ ಹೊರಗ ಕುಂದ್ರತಾಳೇನು? ಅಂದ್ರ ಆಗ ಬಸರಿಲ್ಲ. ಆಮ್ಯಾಲ ಆಗೇತಿ. ಆಮ್ಯಾಲ ನೀ ಎಲ್ಲಿದ್ದಿ?"

ನಾನು ಬಾವಿಯ ಹಗ್ಗ ಹಿಡಿದುಕೊಂಡೆ. ಅವ್ವ ಮುಂದುವರಿಸಿದರು.

"ಯಾರು ಅಂತ ನಾ ಹೇಳೂದಿಲ್ಲ. ಬರೇ ಎಣಿಸು."

ಎಣಿಸಿದೆ. ಬೆರಳ ಗೆಣ್ಣಿನ ಮೇಲೆ, ಮೂರು ಸಲ. ಉತ್ತರ ಪ್ರತಿ ಸಲವೂ ಒಂದೇ ಬಂತು. ಎರಡು ತಿಂಗಳು ಕಡಿಮೆ.

ಒಳಗೆ ಹೋಗಿ ಅವಳನ್ನು ಕೇಳಿದೆ: "ನಾ ಹೋದಮ್ಯಾಲ ಹೊರಗ ಕುಂತಿದ್ದೇನು?"

"ಹೌದ್ರಿ." ತಡೆಯದೆ ಹೇಳಿದಳು. "ಜರಾ ಕಂಡಿತ್ತು. ಬಳ್ಳಿಗೆ ಮೈಲಿಗಿ ಆಗಬಾರದಂತ ಅತ್ತಿಗೆ ನಾನ ಹೇಳಿ ಹೊರಗ ಕುಂತೆ. ನಾಕನೇ ದಿನ ನಿಂತಿತು. ಆದ್ರ ಹೋಳಿ ಹುಣ್ಣಿವಿಯಿಂದ ನನ್ನ ಲೆಕ್ಕ…"

ಅವಳು ನನ್ನ ಮುಖ ನೋಡಿದಳು. ಮಾತು ಅಲ್ಲೇ ನಿಂತಿತು. ಸಂತೆಯಲ್ಲಿ ಕುಣಿಯುತ್ತಿದ್ದ ಆ ಕಣ್ಣಿನ ಒಳಗಿನವರು ಒಬ್ಬೊಬ್ಬರಾಗಿ ಎದ್ದು ಹೋಗುವುದನ್ನು ನಾನು ನಿಂತು ನೋಡಿದೆ.

"ನೀವು ಎಣಿಸಿದ್ರಿ?" ಎಂದಳು.

ನಾನು ಹೊಡೆಯಲಿಲ್ಲ, ಕೂಗಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ. "ನಾಳಿಂದ ತ್ವಾಟಕ್ಕ ಬರಬ್ಯಾಡ," ಎಂದೆ.

ನಮ್ಮ ಮನೆಯಲ್ಲಿ ಆ ಮಾತಿಗೆ ಒಂದೇ ಅರ್ಥ: ನೀನು ಮೈಲಿಗೆ. ಅವಳಿಗೂ ಗೊತ್ತಿತ್ತು. ತಲೆ ಮೇಲೆ ಸೆರಗು ಎಳೆದುಕೊಂಡಳು, ಅಷ್ಟೇ.

ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಓಣಿಯ ಹೆಂಗಸರನ್ನು ಕರೆದು ಕುಬಸ ಮಾಡುತ್ತಾರೆ. ಅವಳಿಗೆ ಮಾಡಲಿಲ್ಲ. ಹಾನಗಲ್ಲಿನ ತವರಿನ ಬಾಗಿಲ ತನಕ ಬಿಟ್ಟು, ನೀರು ಕೂಡ ಕುಡಿಯದೆ ತಿರುಗಿ ಬಂದೆ. ಬಸ್ಸಿನಲ್ಲಿ ಉದ್ದಕ್ಕೂ ಅವಳು ಕಿಟಕಿಯ ಕಡೆ ಮುಖ ಮಾಡಿದ್ದಳು. ಬಂಕಾಪುರದ ಹತ್ತಿರ ಒಮ್ಮೆ ಹೊಟ್ಟೆ ಮುಟ್ಟಿಕೊಂಡು, ಅಭ್ಯಾಸಬಲದಿಂದ ನನ್ನ ಕಡೆ ತಿರುಗಿ ನಗಲು ಹೋಗಿ, ನೆನಪಾಗಿ ನಿಲ್ಲಿಸಿದಳು. ಕೂಸು ಒದ್ದಿರಬೇಕು.

*

ಎಳ್ಳಮವಾಸ್ಯೆಗೆ ವಾರವಿದ್ದಾಗ ಬಸ್ಸಿನ ಡ್ರೈವರ್ ಕೈಲಿ ಸುದ್ದಿ ಬಂತು. ಹೆಣ್ಣು. ನರ್ಸಬಾಯಿ ಮುನವ್ವರಾ ಕೂಡಲೇ ಬಾ ಅಂದಾರಂತ. ಅವ್ವ ಹೊಸ್ತಿಲಲ್ಲಿ ನಿಂತು, "ಏಳಕ್ಕ ಹಡದಾಳ. ನಾ ಅಂದಿದ್ದ ಖರೆ ಆತು," ಎಂದರು.

ಆ ದಿನ ನಾನು ಹೋಗಲಿಲ್ಲ. ಎಲೆ ಕೊಯ್ಲಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನ ಮುಂಜಾನೆ ಹೋದೆ.

ಮುನವ್ವರಾ ಆ ಸೀಮೆಯಲ್ಲೆಲ್ಲ ಮನೆಮನೆಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದ ನರ್ಸು. ಬಿಳಿ ಸೀರೆ, ಗಂಡಸಿನ ಕೈಗಡಿಯಾರ. ನನ್ನನ್ನು ಕಂಡು, "ಬರ್ರಿ ಸಾವಕಾರ್ರ. ನಿನ್ನೆ ಕರದ್ರ ಇವತ್ತು ಬಂದ್ರಿ. ಲೆಕ್ಕದಾಗ ಭಾಳ ಪಕ್ಕಾ ಅಂತ ಕೇಳಿದ್ದೆ," ಎಂದಳು.

ಕೂಸಿನ ಹತ್ತಿರ ಕರೆದೊಯ್ಯಲಿಲ್ಲ. ಮೊದಲು ಹಿತ್ತಲಿಗೆ ಕರೆದೊಯ್ದಳು. ಬೂದಿ, ಉಪ್ಪು ಹಾಕಿದ ಒಂದು ಮಣ್ಣಿನ ಗಡಿಗೆ. ಮುಚ್ಚಳ ತೆಗೆದಳು.

"ಮಾಸು. ಕೂಸಿನ ಬೆನ್ನಿಗೆ ಬರ್ತೈತಲ್ಲ, ಅದು. ಹೂಳಬೇಕು ಅಂತ ಅಡಿವೆವ್ವನ ಅವ್ವ ಗಡಿಬಿಡಿ ಮಾಡಿದ್ರು. ನಾನ ಬ್ಯಾಡ ಅಂದೆ. ಇದರ ಅಪ್ಪ ನೋಡ್ಲಿ ಅಂದೆ."

ಕೋಲಿನಿಂದ ಹೊರಳಿಸಿದಳು. ನಾನು ಮುಖ ಆಚೆ ಮಾಡಿದೆ.

"ಮುಖ ತಿರುಗಿಸಬ್ಯಾಡ್ರಿ. ತುಂಬಿದ ಬಸುರಿನ ಮಾಸು ಒಂದು ದೊಡ್ಡ ರೊಟ್ಟಿ ಅಷ್ಟಿರತೈತಿ. ಇದು ನಿಮ್ಮ ಅಂಗೈ ಅಷ್ಟಿಲ್ಲ. ಇಲ್ಲಿ ಬೆಳ್ಳಗ, ಕಲ್ಲಿನಂಗ ಆಗೇತಲ್ಲ? ಇಲ್ಲಿ ರಕ್ತ ಹರಿದ ಇಲ್ಲ. ಸತ್ತ ಹೋಗೇತಿ. ಹೊಕ್ಕಳ ಬಳ್ಳಿ ನೋಡ್ರಿ, ಸಣ್ಣ ಹುರಿ. ಅದೂ ನಡುವ ಇಲ್ಲ, ಅಂಚಿಗೆ ಜೋತು ಬಿದ್ದೈತಿ. ಕೂಸಿಗೆ ಬೇರು ಇದು. ಎರಡು ತಿಂಗಳಿದ್ದಾಗ ಈ ಅಂಚು ಸಡ್ಲಾಗಿ ಜರಾ ರಕ್ತ ಕಂಡಿರಬೇಕು. ಅದಕ್ಕ ನೀವು ಮುಟ್ಟು ಅಂದ್ರಿ. ಮುಂದ ಕೂಸಿಗೆ ಅನ್ನ ಅರ್ಧ ಹೊಟ್ಟಿಗೆ ಮುಟ್ಟೇತಿ. ಅದಕ್ಕ ಬೆಳೀಲಿಲ್ಲ. ಅದಕ್ಕ ನೀವು ಹಾದರ ಅಂದ್ರಿ."

"ನಾ ಹಂಗ ಅನ್ನಲಿಲ್ಲ," ಎಂದೆ.

"ಎಣಿಸಿದ್ರಿ. ಅಂದಂಗ ಆತು." ಗಡಿಗೆ ಮುಚ್ಚಿ ಕೈ ತೊಳೆದಳು. "ಬರ್ರಿ, ಈಗ ಕಾಲು ನೋಡ್ರಿ."

ಹತ್ತಿಯಲ್ಲಿ ಸುತ್ತಿದ ಕೂಸು ನಾಲ್ಕು ಪೌಂಡೂ ಇರಲಿಲ್ಲ. ಮುದುಕಿಯ ಮುಖ, ಸುಲಿಯುತ್ತಿದ್ದ ಚರ್ಮ, ಬೆರಳ ತುದಿ ದಾಟಿ ಬೆಳೆದ ಉಗುರು. ಮುನವ್ವರಾ ಒಂದು ಪಾದವನ್ನು ಹೊರಗೆಳೆದಳು. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು.

"ಏಳು ತಿಂಗಳ ಕೂಸಿನ ಅಂಗಾಲು ಗಾಜಿನಂಗ ನುಣ್ಣಗ ಇರತೈತಿ. ಇದನ್ನ ಮುಟ್ಟಿ ನೋಡ್ರಿ."

ಮುಟ್ಟಿದೆ. ಕಣ್ಣು ತಾನಾಗಿಯೇ ಮುಚ್ಚಿತು. ಬೆರಳಿನಿಂದ ಹಿಮ್ಮಡಿಯ ತನಕ ಗೆರೆ, ಗೆರೆಯ ಮೇಲೆ ಗೆರೆ. ಬಲಿತ ಎಲೆಯ ಬೆನ್ನು. ಸಣ್ಣದಾಗಿಯೇ ಒಂಬತ್ತು ತಿಂಗಳು ತುಂಬಿದ್ದು. ಸಾವಿರಾರು ಎಲೆಗಳಲ್ಲಿ ನಾನು ಒಂದು ಸಲವೂ ತಪ್ಪದ ಗುರುತು.

*

ಅಡಿವೆವ್ವ ಗೋಡೆಗೆ ಒರಗಿ ಕುಳಿತಿದ್ದಳು. ಬಿಳಿಚಿದ ಮುಖ. ಆದರೂ ನೋಡಿದ ಕೂಡಲೇ ನನ್ನ ಎದೆ ಸಂತೆಯ ದಿನದ ಹಾಗೆಯೇ ಬಡಿಯಿತು. ನಾಚಿಕೆಗೇಡಿ ಎದೆ.

"ತಪ್ಪಾಗೇತಿ," ಎಂದೆ. "ನಡಿ, ಮನಿಗೆ ಹೋಗೂಣು. ಈಗ ನನಗ ನಂಬಿಗಿ ಬಂತು."

"ಯಾರ ಮ್ಯಾಲ?"

ನಾನು ಕೂಸಿನ ಕಡೆ ನೋಡಿದೆ.

"ಯಲವಿಗಿ ಸ್ಟೇಷನ್ನಿನಾಗ ಎರಡು ಎಲಿ ಕೊಟ್ಟಿದ್ದೆ. ಏನು ಮಾಡಿದ್ರಿ?"

"ತಿಂದೆ."

"ಎರಡು ತಿಂಗಳಾಗಿತ್ತು ಆಗ. ಮೂರು ತುಂಬೂತನಕ ಬಾಯಿ ಬಿಟ್ಟು ಹೇಳಬಾರದಲ್ಲ, ಅದಕ್ಕ ಕೊಟ್ಟಿದ್ದೆ. ಎಣಿಸ್ತಾರ, ತಿಳೀತದ ಅಂದ್ಕೊಂಡೆ." ಅವಳ ದನಿ ಏರಲಿಲ್ಲ. "ನಿಮ್ಮ ಬಳ್ಳಿ ಉಳೀಲಿ ಅಂತ ಖರೆ ಹೇಳಿದೆ. ಸುಳ್ಳು ಹೇಳಿ ತ್ವಾಟದಾಗ ಅಡ್ಡಾಡಿದ್ರ ಇವತ್ತು ಹಸರ ಸೀರಿ ಉಟಗೊಂಡು ನಿಮ್ಮ ಮನ್ಯಾಗ ಇರ್ತಿದ್ದೆ."

"ಅಡಿವೆವ್ವ…"

"ನನ್ನ ಮಾತು ನಂಬಲಿಲ್ಲ. ಮಾಸು ನಂಬಿದ್ರಿ. ಅದು ಗಡಿಗ್ಯಾಗ ಐತಿ. ಒಯ್ರಿ. ಅದರ ಕೂಡ ಬಾಳೇವು ಮಾಡ್ರಿ."

ಕೂಸನ್ನು ಎದೆಗೆ ತೆಗೆದುಕೊಂಡು ಗೋಡೆಯ ಕಡೆ ತಿರುಗಿದಳು. ಅವಳ ಬೆನ್ನನ್ನು ನೋಡುತ್ತ ಎಷ್ಟು ಹೊತ್ತು ನಿಂತೆನೋ. ಅವಳು ತಿರುಗಲಿಲ್ಲ.

ಒಯ್ದೆ. ಬಸ್ಸಿನಲ್ಲಿ ಗಡಿಗೆ ತೊಡೆಯ ಮೇಲಿತ್ತು. ಕಂಡಕ್ಟರ್, "ಏನ್ರಿ ಅದು?" ಎಂದ. "ಬೇರು," ಎಂದೆ. ಚಪ್ಪಲಿ ಕಾಲಲ್ಲೇ ತೋಟಕ್ಕೆ ನಡೆದೆ. ಅವ್ವ ಕೂಗುತ್ತ ಹಿಂದೆ ಬಂದರು: "ಮೈಲಿಗಿ ಗಡಗಿ ಒಳಗ ಒಯ್ಯತಿಯೇನೋ ಹುಚ್ಚಾ! ಬಳ್ಳಿ ಸಾಯ್ತಾವ!"

"ಸಾಯ್ಲಿ," ಎಂದೆ. ಮೊದಲ ಸಾಲಿನ ಬುಡದಲ್ಲಿ ಹೂತೆ.

ಅಂಗಾಲಿನ ಮಾತನ್ನು ಅವ್ವನಿಗೆ ಹೇಳಿದೆ. "ನಾ ಎಣಿಸಿದ್ದರಾಗ ತಪ್ಪಿಲ್ಲ," ಎಂದರು ಅವರು. ಸಾಯುವ ತನಕ ಹಾಗೆಯೇ ಎಂದರು. ಬಳ್ಳಿಗಳು ಮಾತ್ರ ಸಾಯಲಿಲ್ಲ.

*

ಎಷ್ಟೋ ಸಲ ಅವಳ ತವರಿನ ಬಾಗಿಲಿಗೆ ಹೋದೆ. ಅವಳು ಹೊರಗೆ ಬರಲಿಲ್ಲ. ಹಾನಗಲ್ಲಿನ ಸಂತೆ ಮಾತ್ರ ಒಂದು ವಾರವೂ ತಪ್ಪಿಸಲಿಲ್ಲ. ಅದೇ ಜಾಗ, ಅದೇ ಬುಟ್ಟಿ. ಅವಳು ಆ ಸಾಲಿನಲ್ಲಿ ಕಾಲಿಡಲಿಲ್ಲ.

ಅರವತ್ತೈದರ ಸಂಕ್ರಾಂತಿ ಮುಗಿದ ವಾರ, ಒಂದು ಸಣ್ಣ ಹುಡುಗಿ ಬಂದು ಬುಟ್ಟಿಯ ಮುಂದೆ ನಿಂತಳು.

"ಒಂದು ಕಟ್ಟು ಕೊಡ್ರಿ."

ಪಕ್ಕದಲ್ಲಿ ಬಳೆ ಮಾರುವ ಫಕ್ರುಸಾಬ ನಕ್ಕ. "ನಾಕು ವರ್ಷದ ಕೂಸನ್ನ ಸಂತಿಗೆ ಕಳಿಸ್ಯಾರಲ್ಲೋ!"

"ಆರು ತುಂಬ್ಯಾವು," ಎಂದಳು ಹುಡುಗಿ, ಹುಬ್ಬು ಗಂಟು ಹಾಕಿ. "ಸಣ್ಣಾಕಿ ಅದೇನಿ, ಅಷ್ಟ."

ಅವಳ ಮುಖ ನೋಡಿದೆ. ಕಟ್ಟು ಕೊಟ್ಟೆ. ಅವಳು ಅಲ್ಲೇ ಕುಕ್ಕರಗಾಲಲ್ಲಿ ಕುಳಿತು, ತುಟಿ ಅಲ್ಲಾಡಿಸುತ್ತ ನೂರರ ತನಕ ಎಣಿಸಿದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಆಮೇಲೆ ತಲೆ ಎತ್ತಿದಳು. ಕಣ್ಣೊಳಗೆ ಯಾರೋ ಕುಣಿಯುತ್ತಿದ್ದರು.

"ಎರಡು ಎಲಿ ಕಡಿಮಿ ಅದಾವ್ರಿ."

ಅವಳ ಎಡಗೈ ಬೆನ್ನ ಹಿಂದಿತ್ತು. ದಾರಿಯ ಆಚೆ, ಅರಿವೆ ಅಂಗಡಿಯ ನೆರಳಿನಲ್ಲಿ, ಒಬ್ಬ ಹೆಂಗಸು ಈ ಕಡೆ ಬೆನ್ನು ಮಾಡಿ ನಿಂತಿದ್ದಳು. ಆ ಬೆನ್ನು ನನಗೆ ಗೊತ್ತಿತ್ತು.

ನಾನು ಎಣಿಸಲಿಲ್ಲ. ಬುಟ್ಟಿಯಿಂದ ಎರಡು ಎಲೆ ಆರಿಸಿ, ನೀರು ಒರೆಸಿ, ಹುಡುಗಿಯ ಕೈಗೆ ಕೊಟ್ಟೆ.

"ಎಣಿಸಿ ನೋಡೂದಿಲ್ಲೇನು?" ಅವಳಿಗೆ ಆಟ ಕೆಟ್ಟಿತೆಂದು ಬೇಸರವಾಗಿತ್ತು.

"ಇಲ್ಲವಾ. ನೀ ಅಂದಿಯಲ್ಲ."

ಅವಳು ಓಡಿಹೋದಳು. ತಾಯಿಯ ಸೆರಗು ಜಗ್ಗಿ ಏನೋ ಹೇಳಿದಳು. ಅಡಿವೆವ್ವ ಕೇಳಿಸಿಕೊಂಡಳು. ಮಗಳ ಕೈಯಿಂದ ಆ ಎರಡು ಎಲೆ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ಆಮೇಲೆ ಮಗಳ ಕೈ ಹಿಡಿದು, ತಿರುಗಿ ನೋಡದೆ, ಜನರ ನಡುವೆ ನಡೆದಳು.