ಶಿರಾ ಗೇಟಿನ ಎರಡು ಟ್ಯೂಬಾಗಳು

"ನಮ್ಮಂಗಡೀಲಿ ಊದಿ ತೋರಿಸ್ದೆ ಯಾವ ವಾದ್ಯಾನೂ ಕೊಡೋದಿಲ್ಲ" ಎನ್ನುತ್ತ ಸರ್ವಮಂಗಳ ಆ ಭಾರಿ ಹಿತ್ತಾಳೆಯ ಟ್ಯೂಬಾವನ್ನು ಮಡಿಲಿಗೆಳೆದುಕೊಂಡಳು. ಎದುರು ನಿಂತ ತರುಣ ಬೆರಗಾದ.

ಅದು ಎಪ್ಪತ್ತೆಂಟನೆಯ ಇಸವಿಯ ಲಗ್ನಗಳ ಕಾಲ. ತುಮಕೂರಿನ ಶಿರಾ ಗೇಟ್ ಬಳಿ ಅವಳ ತಂದೆ ಸದಾಶಿವಯ್ಯನವರದು ಬ್ಯಾಂಡ್ ವಾದ್ಯಗಳ ಅಂಗಡಿ. ಉಬ್ಬಸ ಹಿಡಿದ ಮೇಲೆ ಅವರು ಊದುವುದನ್ನು ಬಿಟ್ಟಿದ್ದರು. ಆ ಕೆಲಸ ಮಗಳ ಪಾಲಿಗೆ ಬಂದಿತ್ತು.

ತರುಣ ರೇವಣಸಿದ್ದಯ್ಯ ಕಡಬದವನು, ಗುಬ್ಬಿಯಲ್ಲಿ ಹೊಸದಾಗಿ ಬ್ಯಾಂಡ್ ಕಟ್ಟಿದವನು. ಟ್ಯೂಬಾ ಕೊಳ್ಳಲು ಹೋದಾಗ ಹುಡುಗಿಯನ್ನೂ ನೋಡಿಕೊಂಡು ಬರಲೆಂದು ಹಿರಿಯರು ಮಾತಾಡಿಕೊಂಡಿದ್ದರು. ಇಬ್ಬರಿಗೂ ಅದು ತಿಳಿದಿತ್ತು.

ಅವಳು ಊದಿದಳು. ಕಪಾಟಿನ ಗಾಜು ಗುಂಯ್‌ಗುಟ್ಟಿತು.

ಅವನು ವಾದ್ಯವನ್ನು ತೆಗೆದುಕೊಂಡು, ಕರ್ಚೀಫಿನಿಂದ ಮೌತ್‌ಪೀಸನ್ನು ಒರೆಸಿ, ಮತ್ತೊಮ್ಮೆ ಒರೆಸಿ, ಆಮೇಲೆ ತುಟಿಗಿಟ್ಟ.

ಸರ್ವಮಂಗಳೆಯ ಮುಖ ಬಾಡಿತು. 'ನನ್ನ ಎಂಜಲೆಂದರೆ ಇವರಿಗೆ ಅಷ್ಟು ಹೇಸಿಗೆಯೇ... ಹಾಗಾದರೆ ಈ ಸಂಬಂಧ ಆಗದ ಮಾತು.'

ಎರಡನೆಯ ಟ್ಯೂಬಾಕ್ಕೂ ಅದೇ ಉಪಚಾರ. ಒಂದು ನೆಗ್ಗಿದ ಹಳೆಯದು, ಗಂಭೀರ ನಾದದ್ದು. ಇನ್ನೊಂದು ಬೆಳ್ಳಿಯಂತೆ ಹೊಳೆಯುವುದು. ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ.

"ಯಾವುದು ತೊಗೊಳ್ಲಿ? ನೀವೇ ಹೇಳಿ."

"ಹೊಳೆಯೋದೇ ತೊಗೊಳ್ಳಿ. ಕೆಲವರಿಗೆ ಮೇಲ್ಗಡೆ ಚೊಕ್ಕಟವಾಗಿದ್ರೆ ಸಾಕಲ್ಲ."

ಬಿಸಿಯೇರಿದರೆ, ಸ್ವರ ಬದಲಿಸಲು ಒತ್ತುವ ಅದರ ನಡುವಿನ ಗುಂಡಿ ಒತ್ತಿದಲ್ಲೇ ಸಿಕ್ಕಿಕೊಳ್ಳುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಹೇಳಲಿಲ್ಲ. ಅವನು ಅದನ್ನೇ ಹೆಗಲಿಗೇರಿಸಿ ಹೊರಟ.

"ಹುಡುಗ ಹೆಂಗವ್ನೆ, ಮಂಗಳ?" ಒಳಗಿನಿಂದ ಬಂದ ಸದಾಶಿವಯ್ಯ ಕೇಳಿದರು.

"ನಂಗೆ ಬೇಡಪ್ಪ."

"ಆಯ್ತು ಬುಡು. ಆದ್ರೆ ಆ ಟ್ಯೂಬಾ ಯಾಕೆ ಕೊಟ್ಟೆ? ಯಾರ್ದೋ ಮದ್ವೆ ಮೆರವಣಿಗೆ ನಡುವೆ ಅದು ಕೆಟ್ಟು ನಿಂತ್ರೆ ಹೊಸಾ ಬ್ಯಾಂಡು ಮುಳುಗೋಯ್ತದೆ ಕಣಮ್ಮ."

ಆ ಮಾತು ಅವಳ ಎದೆಗೆ ನಾಟಿತು. ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ಗುಬ್ಬಿಯ ಬಸ್ಸಿನ ಬಳಿ ಅವನಿನ್ನೂ ನಿಂತಿದ್ದ.

"ಅದು ಬೇಡ... ಗುಂಡಿ ಸಿಕ್ಕಾಕೊಳ್ಳುತ್ತೆ. ಗೊತ್ತಿದ್ದೂ ಕೊಟ್ಬಿಟ್ಟೆ."

"ಊದ್ದಾಗ್ಲೇ ಗುಂಡಿ ಬಿಗಿ ಇತ್ತು, ನಂಗೂ ಗೊತ್ತಾಯ್ತು."

"ಮತ್ಯಾಕೆ ತೊಗೊಂಡ್ರಿ?"

"ರಿಪೇರಿ ಅಂತ ಇನ್ನೊಂದ್ಸಲ ನಿಮ್ಮಂಗಡಿಗೆ ಬರ್ಬೋದಲ್ಲ."

ಅವಳು ಮುಖ ತಿರುಗಿಸಿದಳು. "ನನ್ನ ಎಂಜಲಿಗೆ ಹೇಸೋರು ಯಾಕೆ ಬರ್ಬೇಕು?"

ರೇವಣಸಿದ್ದಯ್ಯ ದಂಗಾದ. ಬಳಿಕ ತಲೆ ತಗ್ಗಿಸಿ ಮೆಲ್ಲಗೆ ನುಡಿದ: "ಹೇಸಿಗೆ ಅಲ್ಲ ಕಣ್ರೀ. ಎಂಜಲು ಹಂಚ್ಕೊಳ್ಳೋದು ಗಂಡ ಹೆಂಡ್ತಿ. ನೀವು ಹೂಂ ಅನ್ನೋಕೆ ಮುಂಚೆ ಆ ಸಲಿಗೆ ನಾನು ಹೆಂಗೆ ತೊಗೊಳ್ಲಿ?"

ಅವಳ ಕಣ್ಣು ತುಂಬಿಬಂತು.

"ಏನಯ್ಯ, ಹತ್ತೀಯೋ ಇಲ್ವೋ? ಆ ಹಂಡೆ ಟಾಪಿಗೆ ಹಾಕು" ಎಂದು ಕಂಡಕ್ಟರ್ ಕೂಗಿದ.

"ಈ ಬಸ್ಸಿಗೆ ಬರೋದಿಲ್ಲ ಇವ್ರು" ಎಂದು ಸರ್ವಮಂಗಳೆಯೇ ಉತ್ತರಿಸಿದಳು. ಆಮೇಲೆ ನಾಚಿ, "ಬನ್ನಿ, ಬದಲಾಯಿಸಿ ಕೊಡ್ತೀನಿ" ಎಂದಳು.

"ಒಳ್ಳೇದು ಸಿಕ್ಬಿಟ್ರೆ, ಆಮೇಲೆ ಏನಂತ ಬರ್ಲಿ?"

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಮಂಗಳನ್ನ ಕರ್ಕೊಂಡೋಗೋಕೆ ಬಂದೆ ಅನ್ನಿ."