ಕರಡಿಯ ಎದೆಯ ಬಿಳುಪು

ಪಕ್ಕೀರಮ್ಮ ಒಳಗೆ ಬರಲಿಲ್ಲ. ಶಿವಬಸಮ್ಮ ಎರಡು ಸಲ ಕರೆದರೂ ಚಪ್ಪಲಿ ಕಳಚಿ ಹೊಸ್ತಿಲಿನಾಚೆಗೇ ಕುಕ್ಕುರುಗಾಲಲ್ಲಿ ಕುಳಿತಳು. ಅವಳ ಬೆರಳ ಸಂದಿಗಳಲ್ಲಿ ಸುಣ್ಣ ಒಣಗಿತ್ತು.

"ಮಗಳಂತೂ ಹೋದ್ಲು, ಯವ್ವಾ. ಈಗ ಮಗನ್ನ ಸ್ಟೇಷನ್ನಿಗೆ ಎಳಕೊಂಡು ಹೋಗ್ಯಾರ. ತಂಗೀನ ಅಣ್ಣನೇ ಕೊಂದಾನಂತ. ಅವನೊಬ್ಬನ್ನರ ಉಳಿಸಿಕೊಡ್ರಿ."

ಶಿವಬಸಮ್ಮ ಎದ್ದು ಬಂದು ಅವಳೆದುರು ಹೊಸ್ತಿಲ ಮೇಲೆಯೇ ಕುಳಿತರು. ಪೊಲೀಸ್ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು, ನಿವೃತ್ತರಾಗಿ ಕೊಟ್ಟೂರಿಗೆ ಮರಳಿದ ಮೇಲೂ ಸುತ್ತಲಿನ ತಾಲ್ಲೂಕುಗಳ ಬಿಡಿಸಲಾಗದ ಗಂಟುಗಳು ಅವರ ಬಾಗಿಲಿಗೇ ಬರುತ್ತಿದ್ದವು. ಅವರ ಮನೆಯೆದುರಿನ ಫೋಟೋ ಸ್ಟುಡಿಯೋ ನನ್ನದು. ಮದುವೆಗಳಿಲ್ಲದ ದಿನಗಳಲ್ಲಿ ನನ್ನ ಸ್ಕೂಟರೇ ಅವರ ಜೀಪು, ನಾನೇ ಅವರ ಕಾನ್‌ಸ್ಟೇಬಲ್ಲು.

ಅವಳ ಮಗಳು, ಗುಡೇಕೋಟೆಯ ಕ್ರಾಂತಿ ಸತ್ತ ಸುದ್ದಿ ನನಗೆ ಗೊತ್ತಿತ್ತು. 'ಮಣ್ಣಿನ ಕೈ' ಎಂಬ ಇನ್‌ಸ್ಟಾಗ್ರಾಮ್ ಪುಟವನ್ನು ನಾನೂ ನೋಡುತ್ತಿದ್ದೆ. ಹರಪನಹಳ್ಳಿಯ ಬಟ್ಟೆ ವ್ಯಾಪಾರಿಯ ಮಗ ಅರುಣಕುಮಾರ್ ಕೆಮ್ಮಣ್ಣು, ಇದ್ದಿಲು, ಸುಣ್ಣ ಇಷ್ಟರಲ್ಲೇ ಹಾಳುಗೋಡೆಗಳ ಮೇಲೆ ಪ್ರಾಣಿಗಳನ್ನು ಬರೆಯುತ್ತಾನೆಂದು ಲಕ್ಷಗಟ್ಟಲೆ ಜನ ಆ ಪುಟಕ್ಕೆ ಅಂಟಿಕೊಂಡಿದ್ದರು. ಕ್ರಾಂತಿ ಅವನಿಗೆ ಬಣ್ಣ ಕಲಸಿಕೊಡುವ ಹುಡುಗಿ ಎಂದು ಪತ್ರಿಕೆಯಲ್ಲಿ ಬಂದಿತ್ತು. ಕೂಡ್ಲಿಗಿಯಾಚೆಯ ಮುಚ್ಚಿದ ಶೇಂಗಾ ಮಿಲ್ಲಿನಲ್ಲಿ, ಚಿತ್ರದ ಗೋಡೆಯ ಬುಡದಲ್ಲೇ ಅವಳ ಹೆಣ ಸಿಕ್ಕಿತ್ತು.

"ಅಣ್ಣ ತಂಗಿ ಜಗಳಾಡಿದ್ರೇನು?" ಶಿವಬಸಮ್ಮ ಕೇಳಿದರು.

"ಜಗಳಾಡದ ಅಣ್ಣ ತಂಗಿ ಅದಾರೇನ್ರಿ? ಮಾರೇಶ ಹಗರಿಬೊಮ್ಮನಹಳ್ಳಿಯಾಗ ನೌಕರಿ ಮಾಡ್ತಾನ. 'ಓದಿದಾಕಿ ಮಂದಿ ಗ್ವಾಡಿಗೆ ಮಣ್ಣು ಮೆತ್ತಾಕ ಹೋಗಬ್ಯಾಡ, ಪರೀಕ್ಷಿ ಕಟ್ಟು' ಅಂತಿದ್ದ. 'ಈ ಕರಡಿ ಚಿತ್ರ ಒಂದು ಮುಗೀಲಿ, ಈ ಸಲ ಗ್ವಾಡಿ ಮ್ಯಾಲೆ ನನ್ನ ಹೆಸರು ಬರೀತೀನಿ, ಆಮ್ಯಾಲೆ ಮಾತಾಡು' ಅಂತ ಆಕಿ."

"ಆಕಿ ಹೆಸರು ಯಾಕ?" ಎಂದೆ ನಾನು. "ಬರಿಯಾಂವ ಅರುಣಕುಮಾರ ಅಲ್ಲೇನು?"

"ನನಗೇನು ಗೊತ್ತಪ್ಪ. ಆಕಿ ಅಂದಿದ್ದು ಹೇಳೀನಿ."

ಕೂಡ್ಲಿಗಿಯ ಸಬ್‌ಇನ್‌ಸ್ಪೆಕ್ಟರ್ ರಾಮಾಂಜಿನಿ ಹಿಂದೊಮ್ಮೆ ಶಿವಬಸಮ್ಮನವರ ಕೈಕೆಳಗೆ ಕೆಲಸ ಕಲಿತವರು. ಕುರ್ಚಿ ತಾವೇ ಎಳೆದು ಹಾಕಿದರು.

"ಇದರಾಗ ಗಂಟೇನಿಲ್ಲ ಮೇಡಂ. ಅರುಣಕುಮಾರ ಮಧ್ಯಾಹ್ನ ಹೊರಡೋ ಮುಂದ ಒಂದು ವಿಡಿಯೋ ಹಾಕ್ಯಾನ. ಅದರಾಗ ಕರಡಿ ಎದಿ ಪೂರಾ ಕರ್ರಗೈತಿ. ಸಂಜಿಗೆ ಹರಪನಹಳ್ಳಿಯಾಗ ಅವಂಗ ಸನ್ಮಾನ, ಊರಿಗೂರೇ ನೋಡೈತಿ. ಮರುದಿನ ಬೆಳಿಗ್ಗಿ ಹೆಣ ಸಿಕ್ಕಾಗ ಕರಡಿ ಎದಿ ಮ್ಯಾಲೆ, ಕಾಡಿನ ಕರಡಿಗೆ ಇರೋ ಹಂಗ, ಬಿಳಿ ನಾಮ ಮೂಡಿತ್ತು. ಅಂದ್ರ, ಅವನು ಹೋದ ಮ್ಯಾಲೂ ಹುಡುಗಿ ಜೀವಂತ ಇದ್ಲು, ಬಿಳಿ ಬಳದಾಳ. ಮಿಲ್ಲಿನ ಮಾಲೀಕ ಜಂಬಣ್ಣ ಸಂಜಿಗೆ ಮಾರೇಶನ ಬೈಕು ಅಲ್ಲಿ ನೋಡ್ಯಾನ."

"ಮಾರೇಶ ಏನಂತಾನ?"

"ತಂಗೀನ ಕರಕೊಂಡು ಹೋಗಾಕ ಬಂದಿದ್ದನಂತ. ರಸ್ತಿಯಿಂದ ನೋಡಿದಾಗ ಕರಡಿ ಮುಗಿದಿತ್ತಂತ, ಬಿಳಿ ಹೊಳೀತಿತ್ತಂತ. ಆಕಿ ಕಾಣಲಿಲ್ಲ, ಬಸ್ಸಿಗೆ ಹೋಗ್ಯಾಳಂತ ತಿರುಗಿ ಹೋದನಂತ. ಗ್ವಾಡಿ ಬುಡದಾಗ ಜಾಲಿ ಕಂಟಿ ಬೆಳದಾವ, ರಸ್ತಿಯಿಂದ ನೆಲ ಕಾಣಂಗಿಲ್ಲ ಅನ್ನೋದು ಖರೆ. ಆದ್ರೂ ಯಾರು ನಂಬ್ತಾರ ಮೇಡಂ?"

ಶಿವಬಸಮ್ಮ ಫೋಟೋಗಳನ್ನು ಕೇಳಿದರು. ಕ್ರಾಂತಿ ಬೋರಲಾಗಿ ಬಿದ್ದಿದ್ದಳು. ನೀಲಿ ಚೂಡಿದಾರದ ಬೆನ್ನ ಮೇಲೆ ಅಲ್ಲಲ್ಲಿ ದುಂಡನೆಯ ಬಿಳಿ ಹನಿಗಳು. ಬಣ್ಣದ ಕೆಲಸದವರ ಬಟ್ಟೆ ಹಾಗೆಯೇ ಇರುತ್ತದೆ ಎಂದುಕೊಂಡು ನಾನು ಮುಂದಿನ ಫೋಟೋ ಕೊಟ್ಟೆ. ಅವರು ಮೊದಲಿನದನ್ನು ಕೆಳಗಿಡಲೇ ಇಲ್ಲ.

"ಡಾಕ್ಟರು?"

"ಅಟ್ಟಣಿಗೆಯಿಂದ ಬಿದ್ದು ತಲಿಗೆ ಪೆಟ್ಟು." ರಾಮಾಂಜಿನಿ ದನಿ ತಗ್ಗಿಸಿದರು. "ಕೂಡಲೇ ಸತ್ತಿಲ್ಲಂತ. ಸ್ವಲ್ಪ ಹೊತ್ತು ಉಸಿರಿತ್ತಂತ."

ಮಿಲ್ಲಿನ ಗೋಡೆಯನ್ನು ನಾನು ಫೋನಿನಲ್ಲಷ್ಟೇ ನೋಡಿದ್ದೆ. ಎದುರಿಗೆ ನಿಂತು ತಲೆಯೆತ್ತಿ ನೋಡಬೇಕಾಯಿತು. ತಾಯಿ ಕರಡಿಯೊಂದು ಹಿಂಗಾಲ ಮೇಲೆ ಎದ್ದಿತ್ತು. ಬೆನ್ನಿಗೆ ಎರಡು ಮರಿಗಳು ಕಚ್ಚಿಕೊಂಡಿದ್ದವು. ಮರಿಗಳ ಮೂತಿಯ ಬಿಳುಪು, ಕಣ್ಣೊಳಗಿನ ಚುಕ್ಕೆ, ಉಗುರಿನ ಅಂಚು ಎಲ್ಲವೂ ಚಳಿಗಾಲದ ಉಸಿರಿನಷ್ಟು ತೆಳು. ಎದೆಯ ಮೇಲಿನ ನಾಮ ಮಾತ್ರ ಬೇರೆ ಥರ ಇತ್ತು. ದಪ್ಪನಾಗಿ, ಕೆಳಗೆ ಸೋರಿ, ಆಗಲೇ ಹಕ್ಕಳೆ ಏಳುತ್ತಿತ್ತು. ಶಿವಬಸಮ್ಮ ಅಟ್ಟಣಿಗೆ ಹತ್ತಿ ಉಗುರಿನಿಂದ ಮುಟ್ಟಿದರು. ಒಂದು ಚೂರು ಒಣರೊಟ್ಟಿಯ ಹಾಗೆ ಮುರಿದು ಬಿತ್ತು.

ಜಂಬಣ್ಣ ಬೇವಿನ ಕಡ್ಡಿ ಕಡಿಯುತ್ತ ಬಂದ. "ಸಿಮೆಂಟಿನವರು ಜಾಹೀರಾತಿಗೆ ಕೇಳಿದ್ರು ಈ ಗ್ವಾಡಿನ. ಕೊಟ್ಟಿದ್ರ ಚೊಲೊ ಇತ್ತು. ಹೋದ ವಾರ ಕರಡಿ ನೋಡಾಕ ಮಂದಿ, ಈ ವಾರ ಹೆಣ ಬಿದ್ದ ಜಾಗ ನೋಡಾಕ ಮಂದಿ. ಎಲ್ಲಾರೂ ಸೆಲ್ಫಿ ಹಿಡಕೊಂಡು ಹೋಗ್ತಾರ."

"ಆವತ್ತು ಮಧ್ಯಾಹ್ನ ಎಲ್ಲಿದ್ದಿ?" ಎಂದರು ಶಿವಬಸಮ್ಮ.

"ಉಂಡು ಮಲಗಿದ್ದೆ. ಈ ಬಿಸಿಲಾಗ ನಾಯಿನೂ ಹೊರಗ ಬರಂಗಿಲ್ಲ."

"ಮಿಲ್ಲಿಗೆ ಸುಣ್ಣ ಹಚ್ಚತಿದ್ದವರು ಯಾರು?"

"ಈಗೇನೋ ಕೂಲಿ ಮಂದಿ. ನಮ್ಮಪ್ಪ ಇದ್ದಾಗ ನನ್ನ ಕೈಲೇ ಹಚ್ಚಸ್ತಿದ್ದ." ಅವನು ಕಡ್ಡಿ ಉಗುಳಿದ. "ಯಾಕ್ರಿ, ಅದೂ ಕೇಸಿಗೆ ಬರತೈತೇನು?"

ಮರುದಿನ ಗುಡೇಕೋಟೆಗೆ ಹೋದಾಗ ಪಕ್ಕೀರಮ್ಮ ಪಡಸಾಲೆಯ ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ಸಾವಿನ ಮನೆಗೆ ಸುಣ್ಣ ಹಚ್ಚಿ ಸೂತಕ ಕಳೆಯಬೇಕೆಂದು ಓಣಿಯವರು ಹೇಳಿದ್ದರು. ಆ ಗೋಡೆಯ ಮೇಲೂ ಒಂದು ಪುಟ್ಟ ಕರಡಿ ಇತ್ತು. ಅದೇ ಎತ್ತಿದ ಪಾದ, ಅದೇ ಮರಿಗಳು. ಎದೆಯ ನಾಮ ಮಾತ್ರ ಇಲ್ಲಿ ಒಂದೇ ಎಳೆತದ ತೆಳುಬಿಳುಪು. ಪಕ್ಕೀರಮ್ಮನ ಕುಂಚ ಕರಡಿಯ ಅರ್ಧ ಮೈ ದಾಟಿ ಹೋಗಿತ್ತು, ಆದರೂ ಕರಡಿ ಹಾಗೆಯೇ ಕಾಣುತ್ತಿತ್ತು.

"ಮುಚ್ಚಲಿಲ್ಲಲ್ಲಮ್ಮ," ಎಂದೆ.

"ಹಸಿ ಐತಿ. ಒಣಗಲಿ ತಡಿ, ಬೆಳ್ಳಗ ಮೂಡತೈತಿ," ಎಂದು ಅವಳು ಕುಂಚ ಅದ್ದಿದಳು.

ಶಿವಬಸಮ್ಮ ಅವಳ ಮಣಿಕಟ್ಟು ಹಿಡಿದರು. "ಸಾಕು, ನಿಲ್ಲಿಸು. ಇದನ್ನ ಯಾರು ಬರದಿದ್ದು?"

"ಯಾರು ಬರೀತಾರ್ರಿ? ಆಕಿನೇ. ಶಾಲಿಗೆ ಹೋಗುವಾಗಿಂದ ಹಿಂಗ ಗೀಚತಿದ್ಲು. ದಿನಾ ಕಣ್ಣಿಗೆ ಬೀಳತೈತ್ರಿ. ನೋಡಾಕ ಆಗಂಗಿಲ್ಲ ನನಗ."

ನಾವು ಚಹಾ ಕುಡಿದು ಮುಗಿಸುವುದರೊಳಗೆ ಕರಡಿಯ ಅರ್ಧ ಮೈ ಇಲ್ಲವಾಗಿತ್ತು. ಉಳಿದರ್ಧ ಗೋಡೆಯಿಂದ ನಮ್ಮನ್ನು ನೋಡುತ್ತಿತ್ತು.

ಹೊರಗೆ ಬಂದು ಶಿವಬಸಮ್ಮ ನನ್ನ ಫೋನಿನಲ್ಲಿ 'ಮಣ್ಣಿನ ಕೈ' ಪುಟದ ವಿಡಿಯೋಗಳನ್ನೆಲ್ಲ ಒಂದೊಂದಾಗಿ ನೋಡಿದರು. ಗೋಡೆಯೆದುರು ಅರುಣಕುಮಾರ್ ಕುಂಚ ಹಿಡಿದು ನಗುತ್ತಿದ್ದ. ಆಮೇಲೆ ಗೋಡೆಯ ಮೇಲೆ ಓಡುವ ಕೈ ಮಾತ್ರ, ಹತ್ತಿರದಿಂದ. ಆ ಕೈಯಲ್ಲಿ ಅವನ ಗುರುತಿನ ತಾಮ್ರದ ಕಡಗ, ಕೈ ಎತ್ತಿದಾಗಲೆಲ್ಲ ಮೊಣಕೈವರೆಗೆ ಜಾರುತ್ತಿತ್ತು. ಕೊನೆಯ ಪೋಸ್ಟಿನಲ್ಲಿ ಮುಂದಿನ ತಿಂಗಳು ಮೈಸೂರಿನ ವೇದಿಕೆಯೊಂದರಲ್ಲಿ ಜನರೆದುರೇ ಚಿತ್ರ ಬರೆಯುವುದಾಗಿ ಹೇಳಿದ್ದ.

"ಗವಿಸಿದ್ದೇಶ, ನೀನು ಫೋಟೋ ತೆಗೆಯೋ ಮನುಷ್ಯ. ಇದರಾಗ ಏನು ಕಾಣಂಗಿಲ್ಲ ಹೇಳು."

ನಾನು ಇನ್ನೊಮ್ಮೆ ಓಡಿಸಿ ನೋಡಿ ಫೋನನ್ನು ಜೇಬಿಗಿಟ್ಟೆ.

ಅರುಣಕುಮಾರ್ ಹರಪನಹಳ್ಳಿಯಲ್ಲಿ ಅಪ್ಪನ ಬಟ್ಟೆ ಅಂಗಡಿಯಲ್ಲೇ ಸಿಕ್ಕಿದ. ತುಂಬು ಮೈಯ, ಚೆಂದದ ಹುಡುಗ. ನಮಗೆ ಕೈಮುಗಿದಾಗ ಕಡಗ ಅವನ ಮಣಿಕಟ್ಟಿನ ಮಾಂಸದಲ್ಲಿ ಹೂತು ಕುಳಿತಿದ್ದನ್ನು ನಾನೂ ನೋಡಿದೆ.

"ನನ್ನ ಒಂದು ಕೈಯೇ ಮುರಿದಂಗಾಗಿದೆ ಮೇಡಂ. ಅವಳಂಗೆ ಬಣ್ಣ ಕಲಸೋರು ಮತ್ತೆ ಸಿಗಲ್ಲ."

"ನಾಳೆ ಮಿಲ್ಲಿನ ಗ್ವಾಡಿ ಹತ್ರ ಕ್ರಾಂತಿ ನೆನಪಿಗೆ ಎಲ್ಲಾರೂ ಸೇರತೀವಿ. ಬಾರಪ್ಪ."

ಅವನು ಕಣ್ಣೊರೆಸಿಕೊಂಡ. "ಬರ್ತೀನಿ. ವಿಡಿಯೋ ಮಾಡ್ಕೋಬಹುದಾ?"

ಮರುದಿನ ಬಿಸಿಲು ಏರುವ ಹೊತ್ತಿಗೆ ಎಲ್ಲರೂ ಕರಡಿಯ ಕೆಳಗೆ ಸೇರಿದ್ದೆವು. ರಾಮಾಂಜಿನಿ ಮಾರೇಶನನ್ನು ಕರೆತಂದಿದ್ದರು. ಅವನ ಅಂಗಿಯ ಗುಂಡಿ ಕಿತ್ತುಹೋಗಿತ್ತು, ತಾಯಿಯ ಮುಖ ನೋಡಲಾರದೆ ನೆಲ ನೋಡುತ್ತಿದ್ದ. ಗೋಡೆಯ ಇನ್ನೊಂದು ತುದಿಗೆ ನಾನು ಬೆಳಿಗ್ಗೆಯೇ ಇದ್ದಿಲು ತಿಕ್ಕಿ ಕಪ್ಪು ಮಾಡಿದ್ದೆ. ಅಲ್ಲಿ ಒಂದು ಗಡಿಗೆ ಸುಣ್ಣದ ನೀರು, ಒಂದು ಕುಂಚ.

"ಮಾತಿಗೆ ಮುಂಚೆ ಒಬ್ಬೊಬ್ರೂ ಒಂದು ಗೆರಿ ಎಳೀರಿ," ಎಂದರು ಶಿವಬಸಮ್ಮ.

"ಇದೆಂಥ ಆಟನವ್ವಾ," ಎನ್ನುತ್ತ ಜಂಬಣ್ಣ ಒಂದು ಗೆರೆ ಎಳೆದು ಸರಿದು ನಿಂತ. ಕಪ್ಪಿನ ಮೇಲೆ ಒದ್ದೆ ಗುರುತು ಬಿಟ್ಟರೆ ಏನೂ ಕಾಣಲಿಲ್ಲ. ಪಕ್ಕೀರಮ್ಮ ಒಂದು ಎಳೆದಳು. ಮಾರೇಶ್ ಒಂದು ಎಳೆದು ಕುಂಚ ಕೊಟ್ಟ. ಕೊನೆಗೆ ಅರುಣಕುಮಾರ್.

ಅವನು ಎಳೆದ. ನೋಡಿದ. ಏನೂ ಮೂಡಲಿಲ್ಲ. ಮತ್ತೆ ಅದ್ದಿ ಅದರ ಮೇಲೆಯೇ ಎಳೆದ, ಇನ್ನೊಮ್ಮೆ ಎಳೆದ. "ಸುಣ್ಣ ತೆಳ್ಳಗಾಗಿದೆ," ಎಂದು ಗಡಿಗೆಯ ತಳ ಕಲಕಿ ಗಟ್ಟಿಯನ್ನು ಎತ್ತಿ ಮೆತ್ತಿದ. ಜಂಬಣ್ಣನ ಬಾಯಿ ಅರ್ಧ ತೆರೆದುಕೊಂಡಿತ್ತು.

ಬಿಸಿಲು ತನ್ನ ಕೆಲಸ ಮಾಡಿತು. ಮೊದಲ ಮೂರು ಗೆರೆಗಳು ಮೆಲ್ಲಗೆ, ತೆಳ್ಳಗೆ ಬೆಳಗಿದವು. ನಾಲ್ಕನೆಯದು ದಪ್ಪನಾಗಿ ಉಬ್ಬಿ, ಕೆಳಗೆ ಸೋರಿ ಒಣಗಿತು. ನಾವೆಲ್ಲ ಒಮ್ಮೆಗೇ ತಲೆಯೆತ್ತಿ ಕರಡಿಯ ಎದೆ ನೋಡಿದೆವು.

"ಈ ಸೀಮಿಯೊಳಗ ಸುಣ್ಣ ಹಚ್ಚಿದ ಯಾರಿಗರ ಗೊತ್ತೈತಿ, ಹಸಿ ಸುಣ್ಣ ಕಾಣಂಗಿಲ್ಲ ಅಂತ," ಎಂದರು ಶಿವಬಸಮ್ಮ. "ಕರಡಿ ಎದಿ ಬಳದ ಕೈಗೆ ಅದು ಗೊತ್ತಿರಲಿಲ್ಲ. ಹಂಗಾರ ಅದು ಕ್ರಾಂತಿ ಕೈ ಅಲ್ಲ, ಮಾರೇಶಂದಲ್ಲ, ಜಂಬಣ್ಣಂದೂ ಅಲ್ಲ. ನಾನು ಎಡವಿದ್ದು ಮುಂದಿನ ಹೆಜ್ಜಿಗೆ. ಸುಣ್ಣದ ಕಲಾವಿದ ಅಂತ ಲಕ್ಷ ಮಂದಿ ಹೊಗಳೋ ಹುಡುಗ ಈ ತಪ್ಪು ಹೆಂಗ ಮಾಡಿದ? ಗುಡೇಕೋಟೆಯ ಮನಿ ಗ್ವಾಡಿ ಅದಕ್ಕ ಉತ್ತರ ಕೊಟ್ಟಿತು. ಎಲ್ಲಾ ಬರದಾಕಿ ಕ್ರಾಂತಿ, ಅವನು ಯಾವತ್ತೂ ಕುಂಚ ಗ್ವಾಡಿಗೆ ಹಚ್ಚಿದಾವನೇ ಅಲ್ಲ."

"ನನ್ನ ಕೈ ವಿಡಿಯೋದಲ್ಲಿ ಎಲ್ಲರೂ ನೋಡಿದಾರೆ!" ಅರುಣಕುಮಾರ್ ಕೂಗಿದ.

"ಕಡಗ ನೋಡ್ಯಾರ. ಕ್ರಾಂತಿಯ ಸಣ್ಣ ಕೈಯಾಗ ಮೊಣಕೈವರೆಗೆ ಜಾರೋ ಕಡಗ. ನಿನ್ನ ಕೈಯಾಗಿಂದ ಅದನ್ನ ಈಗ ತೆಗಿ ನೋಡೋಣು. ಸಾಬೂನು ಬೇಕಾದೀತು. ಮುಖ ಇದ್ದಾಗ ಕುಂಚ ಗ್ವಾಡಿ ಮುಟ್ಟಂಗಿಲ್ಲ, ಕುಂಚ ಮುಟ್ಟಿದಾಗ ಮುಖ ಇಲ್ಲ. ನಮ್ಮ ಗವಿಸಿದ್ದೇಶಗ ಕಾಣದ್ದು ಇದ."

ನನ್ನ ಕಿವಿ ಬಿಸಿಯಾಯಿತು.

"ಮೈಸೂರಾಗ ಮಂದಿ ಮುಂದ ಬರೀಬೇಕಿತ್ತು. ನಿನ್ನ ಕೈಲೆ ಆಗಂಗಿಲ್ಲ. ಆಕಿ 'ನಾನ ಹೋಗ್ತೀನಿ, ನನ್ನ ಹೆಸರಿಲೆ' ಅಂದಾಳ, ಈ ಗ್ವಾಡಿಗೂ ಹೆಸರು ಬರೀತೀನಿ ಅಂದಾಳ. ನೀನು ಕೆಡವಿದಿ. ಕರ್ರಗಿನ ಎದಿ ವಿಡಿಯೋ ಆಗಲೇ ನಿನ್ನ ಫೋನಿನಾಗಿತ್ತು. ಬಿಳಿ ಒಂದು ಮೂಡಿಸಿದ್ರ ನೀನು ಹೋದ ಮ್ಯಾಲೂ ಆಕಿ ಕೆಲಸ ಮಾಡಿದಂಗಾಗತೈತಿ. ಆ ಬಿಳಿಯಿಂದ ಉಳಿಯಾಂವ ನೀನೊಬ್ಬನ. ಆಕಿ ಬೆನ್ನ ಮ್ಯಾಲೆ ದುಂಡನ ಸುಣ್ಣದ ಹನಿ ಬಿದ್ದಾವ. ತಾನ ಬಳಿಯಾಕಿಗೆ ಹನಿ ಮುಂದ ಬೀಳತಾವ, ತೋಳಿಗೆ ಬೀಳತಾವ. ಬೋರಲ ಬಿದ್ದಾಕಿಗೆ ಬೆನ್ನಿಗೆ ಬೀಳತಾವ. ನೀನು ಆಕಿ ಮ್ಯಾಲೇ ಅಟ್ಟಣಿಗೆ ಹತ್ತಿ ಬಳದಿ."

ಅರುಣಕುಮಾರ್ ಸುತ್ತ ನೋಡಿದ. ರಾಮಾಂಜಿನಿ ಅವನ ಹಿಂದೆ ಬಂದು ನಿಂತಿದ್ದರು.

"ತಳ್ಳಲಿಲ್ಲ ನಾನು. ಅಟ್ಟಣಿಗೆ ಗಳ ಹಿಡಿದು ಅಲ್ಲಾಡಿಸಿದೆ, ಅಷ್ಟೇ. ಇಳಿ ಕೆಳಗೆ ಅಂದೆ, ಇಳೀಲಿಲ್ಲ. ಆ ಪುಟ ಬೆಳೆಸಿದ್ದು ನಾನು. ಅವಳ ಮುಖ ಹಾಕಿದ್ರೆ ಯಾರು ನೋಡ್ತಿದ್ರು, ಹೇಳಿ?" ಅವನ ದನಿ ಒಡೆಯಿತು. "ಬಿದ್ದ ತಕ್ಷಣ ಸತ್ತುಹೋಗಿದ್ಲು ಮೇಡಂ. ನಾನೇನು ಮಾಡೋಕಾಗ್ತಿತ್ತು?"

ಶಿವಬಸಮ್ಮ ಉತ್ತರಿಸುವ ಮೊದಲು ಪಕ್ಕೀರಮ್ಮನ ಕಡೆ ನೋಡಿದರು. ಹೇಳಬೇಕೋ ಬೇಡವೋ ಎಂದು ಅವರು ತಡವರಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಸತ್ತಿರಲಿಲ್ಲ," ಎಂದರು. "ಬಿಳಿ ಬರವಲ್ದು ಅಂತ ನೀನು ಮ್ಯಾಲೆ ನಿಂತು ತಿಕ್ಕುವಾಗ ಕೆಳಗ ಆಕಿ ಉಸಿರಾಡತಿದ್ಲು. ಒಂದ ಎಳತಕ್ಕ ಬಿಟ್ಟು ಇಳಿದಿದ್ರ ಕೂಡ್ಲಿಗಿ ದವಾಖಾನಿ ಏನು ದೂರಿತ್ತು?"

ಪಕ್ಕೀರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಹೆಣ ಬಿದ್ದಿದ್ದ ಜಾಗದಲ್ಲಿ ಕುಸಿದಳು. ಮಾರೇಶ್ ಅರುಣಕುಮಾರನ ಮೇಲೆ ಎರಗುತ್ತಾನೆಂದು ನಾನು ಅಡ್ಡ ನಿಂತೆ. ಅವನು ಎರಗಲಿಲ್ಲ. ಹೋಗಿ ತಾಯಿಯ ಪಕ್ಕ ಕುಳಿತ.

ಜೀಪು ಹೋದ ಮೇಲೆ ಧೂಳು ಇಳಿಯಲು ಬಹಳ ಹೊತ್ತು ಹಿಡಿಯಿತು. ಜಂಬಣ್ಣ ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು, ಯಾರನ್ನೂ ನೋಡದೆ ಹೇಳಿದ: "ಸಿಮೆಂಟಿನವರಿಗೆ ಕೊಡಂಗಿಲ್ಲ ಬಿಡ್ರಿ ಗ್ವಾಡಿ."

ಪಕ್ಕೀರಮ್ಮ ಮಗನ ಭುಜ ಹಿಡಿದು ಎದ್ದಳು. "ಆಕಿ ಹೆಸರು ಬರಿಯಪ್ಪ," ಎಂದಳು. "ಬರೀಬೇಕಂತಿದ್ಲು."

"ನನ್ನ ಅಕ್ಷರ ಚೆಂದಿಲ್ಲಬೇ."

"ಇರಲಿ ಬರಿ."

ಮಾರೇಶ್ ಕುಂಚ ಅದ್ದಿ, ಕರಡಿಯ ಕಪ್ಪು ಪಾದದ ಮೇಲೆ ಒಂದೊಂದೇ ಅಕ್ಷರವಾಗಿ ತಂಗಿಯ ಹೆಸರು ಬರೆದು ಹಿಂದೆ ಸರಿದ. ಒದ್ದೆಯ ಹೊಳಪು ಬಿಟ್ಟರೆ ಅಲ್ಲಿ ಏನೂ ಕಾಣಲಿಲ್ಲ. ಮತ್ತೊಮ್ಮೆ ತೀಡು ಎಂದು ಯಾರೂ ಹೇಳಲಿಲ್ಲ. ನಾವು ಆ ಬಿಸಿಲಿನಲ್ಲೇ ನಿಂತು ಕಾಯ್ದೆವು.