ಕಟಾವಿನ ಪಾಳಿ ಬದಲಾದ ಪ್ರಕರಣ

2004ರ ಡಿಸೆಂಬರ್ 9, ಗುರುವಾರ ಬೆಳಿಗ್ಗೆ 10.20ಕ್ಕೆ ಕೌಜಲಗಿಯ ರೈತ ಮಹಿಳೆ ಪದ್ಮವ್ವ ಗೋಕಾಕದ ಠಾಣೆಗೆ ಬಂದು ದೂರು ಕೊಟ್ಟರು. ಸಕ್ಕರೆ ಕಾರ್ಖಾನೆಯ ಯಾದಿಯಲ್ಲಿ ಅವರ ಕಬ್ಬಿನ ಕಟಾವಿನ ಪಾಳಿ 41ನೆಯದಿತ್ತು. ಈಗ ನೋಡಿದರೆ 190. ಹೊಲದಲ್ಲಿ ಕಬ್ಬು ಹೂ ಬಿಟ್ಟು ಒಳಗೊಳಗೇ ಬೆಂಡಾಗುತ್ತಿತ್ತು.

ಪಿಎಸ್‌ಐ ರಾಚಪ್ಪ ಎಫ್‌ಐಆರ್ ದಾಖಲಿಸಿಕೊಂಡು ಕಾರ್ಖಾನೆಗೆ ಹೋದರು. ಯಾದಿ ಇದ್ದದ್ದು ಲಿನಕ್ಸ್ ಸರ್ವರಿನಲ್ಲಿ. ಕಳೆದ ಎರಡು ಮಂಗಳವಾರ, ಯಾದಿ ಮುದ್ರಣಕ್ಕೆ ಹೋಗುವ ಮುಂಚೆ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಯಾರೋ ನಂಬರು ಅದಲುಬದಲು ಮಾಡಿದ್ದರು. ಎರಡೂ ಸಲ ಬಳಸಿದ್ದು ಆಪರೇಟರ್ ಜೀನತಳ ಲಾಗಿನ್. ಪದ್ಮವ್ವನ ನಂಬರು ಸಿಕ್ಕಿದ್ದ ಹುಕ್ಕೇರಿ ಕಡೆಯ ರೈತ ತನಗೇನೂ ಗೊತ್ತಿಲ್ಲವೆಂದ.

ಜೀನತ ಕೊಣ್ಣೂರಿನ ದರ್ಜಿ ಕಾಸೀಮಸಾಬರ ಮಗಳು. ಅವಳ ಅಮಾನತಿನ ಪತ್ರವನ್ನು ವ್ಯವಸ್ಥಾಪಕರು ಆಗಲೇ ಟೈಪ್ ಮಾಡಿಸಿದ್ದರು.

“ಪಾಸ್‌ವರ್ಡ್ ಯಾರಿಗೆ ಹೇಳೀದಿ?” ರಾಚಪ್ಪ ಕೇಳಿದರು.

“ಯಾರಿಗೂ ಹೇಳಿಲ್ರಿ ಸಾಹೇಬ್ರ. ಮಂಗಳವಾರ ಬರ್ರಿ. ನಾ ಕೀಬೋರ್ಡ್ ಮುಟ್ಟೂದಿಲ್ಲ. ನಾ ಹೇಳಿದ್ದನ್ನ ನಿಮ್ಮವರು ಟೈಪ್ ಮಾಡ್ಲಿ. ಸರ್ವರಿನ್ಯಾಗ ಯಾರ ಅದಾರ, ಏನ ಮಾಡಾಕತ್ತಾರ, ಎಲ್ಲಾ ಕಾಣತೈತ್ರಿ.”

ರಾಚಪ್ಪ ಪತ್ರವನ್ನು ತಡೆಹಿಡಿಸಿದರು. ಅವಳ ಲಾಗಿನ್ ಇದ್ದ ಹಾಗೇ ಇರಲಿ, ಈ ಮಾತು ಹೊರಗೆ ಹೋಗಬಾರದು ಎಂದರು. ಸರ್ವರಿಗೆ ಜೋಡಣೆಯಿದ್ದ ಮೂಡಲಗಿ ಮತ್ತು ಹುಕ್ಕೇರಿಯ ವಿಭಾಗ ಕಚೇರಿಗಳ ಹತ್ತಿರ ಮಫ್ತಿಯಲ್ಲಿ ಪೊಲೀಸರು ನಿಂತರು.

ಡಿಸೆಂಬರ್ 14, ಮಂಗಳವಾರ. ಕಾರ್ಖಾನೆಯಲ್ಲಿ ಕಾನ್‌ಸ್ಟೆಬಲ್ ಯಲ್ಲವ್ವ ವ್ಯವಸ್ಥಾಪಕರ ಲಾಗಿನ್ ಬಳಸಿ ಎರಡು ಬೆರಳಲ್ಲಿ ಟೈಪ್ ಮಾಡಲು ಕುಳಿತಳು. ಅವಳ ಹಿಂದೆ, ಸಾಕ್ಷಿಗೆಂದು ಕರೆಸಿದ್ದ ಇಬ್ಬರು ಪಂಚರ ನಡುವೆ, ಜೀನತ ಕೈ ಕಟ್ಟಿಕೊಂಡು ಕುಳಿತು ಒಂದೊಂದೇ ಅಕ್ಷರ ಹೇಳಿದಳು. ಇಂಗ್ಲಿಷಿನ ‘ಹೂ’, ಅಂದರೆ ‘ಯಾರು’, ಎಂಬ ಆಜ್ಞೆ ಸರ್ವರಿನಲ್ಲಿ ಯಾರಿದ್ದಾರೆಂದು ತೋರಿಸುತ್ತಿತ್ತು. 10.50ಕ್ಕೆ ವ್ಯವಸ್ಥಾಪಕರ ಹೆಸರೊಂದೇ ಇತ್ತು. 11ಕ್ಕೂ ಅಷ್ಟೇ.

11.08ಕ್ಕೆ ಇನ್ನೊಂದು ಸಾಲು ಮೂಡಿತು. ಜೀನತಳದೇ ಹೆಸರು.

ಯಲ್ಲವ್ವ ತಿರುಗಿ ಅವಳ ಕೈ ನೋಡಿದಳು. ಪಂಚರೂ ನೋಡಿದರು.

ಆಮೇಲೆ ‘ನೆಟ್‌ಸ್ಟ್ಯಾಟ್’ ಕೊಟ್ಟಾಗ ಸಂಪರ್ಕಗಳ ಪಟ್ಟಿ ಬಂತು. ಅದರಲ್ಲಿದ್ದ ಒಂದು ವಿಳಾಸ ಮೂಡಲಗಿ ಕಚೇರಿಯ ಯಂತ್ರದ್ದು. ‘ಪಿಎಸ್’ ಕೊಟ್ಟಾಗ, ಯಾದಿ ತಿದ್ದುವ ಪ್ರೋಗ್ರಾಮು ಜೀನತಳ ಹೆಸರಿನಲ್ಲಿ ಓಡುತ್ತಿರುವುದು ಕಂಡಿತು. ರಾಚಪ್ಪ ಎಲ್ಲವನ್ನೂ ಬರೆದುಕೊಂಡು ಫೋನೆತ್ತಿದರು.

11.16ಕ್ಕೆ ಮೂಡಲಗಿ ಕಚೇರಿಯಲ್ಲಿ ಗುಮಾಸ್ತ ಜಿನೇಂದ್ರ ಸಿಕ್ಕಿಬಿದ್ದ. ಯಾದಿ ಇನ್ನೂ ಪರದೆಯ ಮೇಲೇ ಇತ್ತು. ಪಂಚನಾಮೆ ಮಾಡಿ, ಯಂತ್ರಕ್ಕೆ ಮೊಹರು ಹಾಕಿ, ಅವನನ್ನು ಬಂಧಿಸಿದರು.

ಪಾಸ್‌ವರ್ಡ್ ಅವನಿಗೆ ಸಿಕ್ಕದ್ದು ಮಳೆಗಾಲದಲ್ಲಿ. ಅವನ ಲಾಗಿನ್ ಕೆಲಸ ಮಾಡದ ಒಂದು ದಿನ ಕೆಲಸ ನಿಲ್ಲಬಾರದೆಂದು ಜೀನತಳೇ ಫೋನಿನಲ್ಲಿ ಹೇಳಿದ್ದಳು. ಅದು ಅವಳಿಗೆ ಮರೆತೇಹೋಗಿತ್ತು. ತನ್ನದೂ ತಪ್ಪಿದೆ ಎಂದು ಒಪ್ಪಿಕೊಂಡಳು. ವ್ಯವಸ್ಥಾಪಕರು ಅವಳ ಎದುರಿಗೇ ಪತ್ರ ಹರಿದರು. ಒಂದು ತಂಬಿಗೆ ನೀರು ಕುಡಿದು ಅವಳು ಅಪ್ಪನ ಅಂಗಡಿಯ ಬಾಜೂ ಮನೆಗೆ ಫೋನ್ ಮಾಡಿದಳು. “ಅಬ್ಬಾಗ ಹೇಳ್ರಿ, ಎಲ್ಲಾ ಸರಿ ಆತು,” ಎನ್ನುವಷ್ಟರಲ್ಲಿ ಅವಳಿಗೆ ಅಳು ಬಂತು. ಯಲ್ಲವ್ವ ಅವಳ ಬೆನ್ನು ಸವರಿದಳು. ಶುಕ್ರವಾರ ಪದ್ಮವ್ವನ ಹೊಲಕ್ಕೆ ಕಟಾವಿನವರು ಇಳಿದರು.

ಹುಕ್ಕೇರಿ ಕಡೆಯ ಆ ರೈತ ಜಿನೇಂದ್ರನ ಮಾವ. ಎಷ್ಟು ರೊಕ್ಕ ತಿಂದೆ ಎಂದು ರಾಚಪ್ಪ ಕೇಳಿದಾಗ ಜಿನೇಂದ್ರ ಏನೂ ಇಲ್ಲವೆಂದು ತಲೆಯಾಡಿಸಿದ. ಬಡ ಅಳಿಯನೆಂದು ಆ ಮನೆಯಲ್ಲಿ ಎಂಟು ವರ್ಷ ಯಾರೂ ಅವನನ್ನು ಮಾತಾಡಿಸಿರಲಿಲ್ಲ.

“ಪಾಳಿ ಮುಂದ ಬಂದ ದಿವಸ ಮಾವ ನನ್ನ ತನ್ನ ಬಾಜೂಕ ಊಟಕ್ಕ ಕುಂದರಿಸಿಕೊಂಡ್ರಿ,” ಎಂದ.

ರಾಚಪ್ಪ ಆ ಮಾತನ್ನು ಹಾಗೇ ಹೇಳಿಕೆಯಲ್ಲಿ ಬರೆದು, ಕೆಳಗೆ ಅವನ ಸಹಿ ತೆಗೆದುಕೊಂಡರು.